ಒತ್ತಿದರೆ ಏನೂ ಆಗದ ಗುಂಡಿ

ಪರದೆಯ ಮೇಲಿರುವುದು ನೊಣವೋ ಪೂರ್ಣವಿರಾಮವೋ, ಇಷ್ಟು ಹೊತ್ತು ಅಲ್ಲಿರಲಿಲ್ಲವಲ್ಲ, ಸಾಲಿನ ಬಾಲಕ್ಕೆ ಅಂಟಿಕೊಂಡು ಕೂತಿದೆ, ನೊಣವಾದರೆ ಹಾರಬೇಕು, ಉಫ್ ಎಂದು ಊದಿದಳು, ಹಾರಲಿಲ್ಲ, ಹಾಗಾದರೆ ಚುಕ್ಕೆಯೇ ಸರಿ, ಯಾವಾಗ ಒತ್ತಿಬಿಟ್ಟೆ ಇದನ್ನು, ಎಲ್ಲೋ ಒಂದು ಚುಕ್ಕೆ ಹೆಚ್ಚಾಯಿತೆಂದರೆ ಇಡೀ ಪುಟ ಮುನಿಸಿಕೊಂಡು ಕೂರುತ್ತದೆ, ಮೂಗಿನ ತುದಿಯಲ್ಲೇ ಸಿಟ್ಟು ಇದಕ್ಕೆ — ಅಳಿಸುವ ಕೀಲಿ ಒತ್ತಿದಳು, ಪಕ್ಕದ ಅಕ್ಷರ ಹೋಯಿತು, ಚುಕ್ಕೆ ಹೋಗಲಿಲ್ಲ, ಹೋದ ಅಕ್ಷರವನ್ನು ಮತ್ತೆ ಕೂರಿಸಿ, ಕನ್ನಡಕ ಮೇಲೇರಿಸಿ, ಉಗುರಿನಿಂದ ಕೆರೆದು ನೋಡಿದರೆ ಟಾನಿಕ್ಕು, ಸೊಸೆಗೆ ಬೆಳಿಗ್ಗೆ ಚಮಚದಲ್ಲಿ ಕುಡಿಸಲು ಹೋಗಿ ಸಿಡಿದ ಒಂದು ಹನಿ, ಒಣಗಿ ವಿರಾಮಚಿಹ್ನೆಯಾಗಿದೆ, ನಗು ಬಂತು, ಒಬ್ಬಳೇ ನಕ್ಕಳು, ನಕ್ಕರೆ ಯಾರಿಗೂ ಕಾಣುವುದಿಲ್ಲ, ಕ್ಯಾಮೆರಾ ಮುಚ್ಚಿದೆ, ಮೈಕೂ ಮುಚ್ಚಿದೆ, ಪರದೆಯ ಪಕ್ಕದಲ್ಲಿ ಉಳಿದ ವಿದ್ಯಾರ್ಥಿಗಳ ಮುಖಗಳು ಪುಟ್ಟ ಪುಟ್ಟ ಕಿಟಕಿಗಳಲ್ಲಿ, ಇವಳ ಕಿಟಕಿಯಲ್ಲಿ ಮಾತ್ರ ಕತ್ತಲು, ಕತ್ತಲಿನ ನಡುವೆ ಸೊಸೆಯ ಹೆಸರು. ಎಲ್ರಿಗೂ ಕೇಳಿಸ್ತಿದೆಯಾ, ಅನ್ನುತ್ತಿದ್ದಾರೆ ಮೇಷ್ಟ್ರು, ಪ್ರತಿ ಮಾತಿಗೂ ಅದೊಂದು ಬಾಲ, ಇವತ್ತು ಪ್ರಾಜೆಕ್ಟ್ ತೋರಿಸೋ ದಿನ, ಎಲ್ರಿಗೂ ಕೇಳಿಸ್ತಿದೆಯಾ, ಒಬ್ಬೊಬ್ರಾಗಿ ಬನ್ನಿ — ಕೇಳಿಸ್ತಿದೆ ಮಾರಾಯ, ಚೆನ್ನಾಗಿಯೇ ಕೇಳಿಸ್ತಿದೆ.

ಇವಳು ಇಲ್ಲಿ ಬಂದು ಕೂತದ್ದಾದರೂ ಹೇಗೆ, ಬರೀ ಹಾಜರಿಗೆ. ಕೋರ್ಸಿಗೆ ಸೇರಿದ್ದು ಸೊಸೆ, ಬಸುರಿಯಾಗಿದ್ದಾಗ ಈ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಅತ್ತೆ, ಇದಕ್ಕೆ ಫುಲ್ ಸ್ಟ್ಯಾಕ್ ಅಂತಾರೆ, ಕಣ್ಣಿಗೆ ಕಾಣೋ ಮುಂಭಾಗನೂ ಕಲೀಬೇಕು, ಕಾಣದೇ ಇರೋ ಹಿಂಭಾಗನೂ ಕಲೀಬೇಕು, ಎರಡೂ ಬಂದ್ರೆ ಇಡೀ ವೆಬ್‌ಸೈಟು ಒಬ್ಳೇ ಕಟ್ಬೋದು, ಅನ್ನುತ್ತಿದ್ದಳು, ಮುಂಭಾಗ ಮುಗಿಯಿತು, ಹಿಂಭಾಗ ಶುರುವಾಗುವ ಹೊತ್ತಿಗೆ ಮಗು ಅವಸರ ಮಾಡಿತು, ಆಸ್ಪತ್ರೆಯಿಂದ ಬಂದವಳು ಲ್ಯಾಪ್‌ಟಾಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬರಲ್ಲ ಅಂತ ಹೇಳ್ಬಿಡಿ ಅತ್ತೆ, ನಂಗೆ ಬೇಡ ಅದು. ಬೇಡ ಅಂದ ದನಿ ಹೇಗಿತ್ತೆಂದರೆ ಕೋರ್ಸಿಗೆ ಮಾತ್ರ ಅಂದಂತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದರು, ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ, ಮಾತ್ರೆ ತಪ್ಪಿಸ್ಬೇಡಿ, ಯಾವುದಕ್ಕೂ ಬಲವಂತ ಮಾಡ್ಬೇಡಿ, ಜೊತೇಲಿರಿ — ಜೊತೆಯಲ್ಲಿದ್ದರೆ ಕಾಣುವುದು ಅಷ್ಟೇ, ಗೋಡೆಯ ಕಡೆ ತಿರುಗಿ ಮಲಗಿದ ಬೆನ್ನು, ಹಾಸಿಗೆಯ ಮೇಲೆ ಚಾಚಿದ ಕೈ, ಚೌಕುಳಿ ಹೊದಿಕೆಯ ಒಂದು ಗೆರೆಯ ಮೇಲೆ ತೋರುಬೆರಳು, ಗೆರೆಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ, ಏನನ್ನೂ ಬರೆಯದ ಬೆರಳು. ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿ ಬಿಟ್ಟರೆ ಪ್ರಶ್ನೆ ಆ ಹುಡುಗಿಯದು, ಅತ್ತೆ, ನಾಟಕದಲ್ಲಿ ನೀವು ಪಿಸುಗುಟ್ಟಿದ್ದು ಸ್ಟೇಜ್ ಮೇಲಿರೋರಿಗೆ ಕೇಳಿ ಮುಂದೆ ಕೂತೋರಿಗೆ ಕೇಳದೇ ಇರ್ತಿತ್ತಲ್ಲ, ಅದು ಹೇಗೆ, ತೋರಿಸಿ, ಅಂತ ಅಡುಗೆಮನೆ ಬಾಗಿಲ ಹಿಂದೆ ಇವಳನ್ನು ನಿಲ್ಲಿಸಿ ಪರೀಕ್ಷೆ ಮಾಡಿದ್ದಳು, ಈಗ ಮಗು ಯಾಕೆ ಅಳುತ್ತಿದೆ ಅಂತಲೂ ಕೇಳುವುದಿಲ್ಲ. ಹಾಜರಿ ತಪ್ಪಿದರೆ ಹೆಸರು ತೆಗೆಯುತ್ತಾರಂತೆ, ಹೋಗಲಿ, ಹುಷಾರಾಗುವವರೆಗೆ ಜಾಗ ಹಿಡಿದಿಡೋಣ, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದಂತೆ, ಎಂದು ಇವಳು ಕೂತಳು, ಹೆಸರು ಕೂಗಿದಾಗ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಇದ್ದೇನೆ, ಎಂದು ಬರೆದಳು. ಮಗನಿಗೆ ಫೋನಿನಲ್ಲಿ ಹೇಳಿದರೆ, ಅವನು ರೈಲು ಓಡಿಸುವವನು, ವಾರದ ಅರ್ಧ ಭಾಗ ಹಳಿಯ ಮೇಲೇ, ಅಮ್ಮಾ, ನಿಂಗ್ಯಾಕೆ ಈ ಉಸಾಬರಿ, ಸಿಕ್ಕಿಹಾಕ್ಕೊಂಡ್ರೆ, ಅಂದ, ಸಿಕ್ಕಿಹಾಕಿಕೊಳ್ಳುವುದೇನು ಬಂತು, ನಾಟಕ ಮಂಡಳಿಯಲ್ಲಿ ಇವಳ ಅನ್ನವೇ ಅದಾಗಿತ್ತು, ಪ್ರಾಂಪ್ಟರು, ಪರದೆಯ ಪಕ್ಕ ಕತ್ತಲಲ್ಲಿ ನಿಂತು ಮಾತು ಮರೆತವರಿಗೆ ಮಾತು ಎತ್ತಿಕೊಡುವವಳು, ಎಲ್ಲರಿಗಿಂತ ಹೆಚ್ಚು ಮರೆಯುತ್ತಿದ್ದ ರಾಜನ ಪಾತ್ರಧಾರಿಯನ್ನೇ ಮದುವೆಯಾದಳು, ಪುಣ್ಯಾತ್ಮ ಆಮೇಲೂ ಅಂಗಡಿಯವನ ಮುಂದೆ ನಿಂತು, ಏನು ಬೇಕಿತ್ತು ಎಂದು ಹಿಂದೆ ತಿರುಗಿ ನೋಡುವವರೇ, ತೀರಿಕೊಂಡು ಇಷ್ಟು ಕಾಲವಾದರೂ ಅಂಗಡಿಯಲ್ಲಿ ಇವಳ ತುಟಿ ತಾನಾಗಿ ಅಲುಗುತ್ತದೆ.

ಆದರೆ ಆ ಗುಂಡಿ, ಆ ಹಸಿರು ಗುಂಡಿ ಇಲ್ಲದಿದ್ದರೆ ಇವಳು ಹಾಜರಿ ಹಾಕಿ ಕೈತೊಳೆದುಕೊಂಡು ಬಿಡುತ್ತಿದ್ದಳೇನೋ. ಸೊಸೆ ಮಾಡಿಟ್ಟುಹೋದ ಪುಟ, ಈ ಕಟ್ಟಡದ ಮನೆಗಳವರಿಗೆಂದು, ಯಾರ ಮನೆಯಲ್ಲಿ ಏಣಿ ಇದೆ, ಯಾರ ಮನೆಯಲ್ಲಿ ಗೋಡೆ ಕೊರೆಯುವ ಯಂತ್ರ ಇದೆ, ಕೊಡುವವರು ಬರೆದಿಡಲಿ, ಬೇಕಾದವರು ನೋಡಿಕೊಳ್ಳಲಿ ಅಂತ, ಎಷ್ಟು ಚೆಂದ ಮಾಡಿದ್ದಳು, ಬರೆದದ್ದನ್ನು ಪಟ್ಟಿಗೆ ಸೇರಿಸಲೆಂದು ಅಂಚು ದುಂಡಗಿದ್ದ ಹಸಿರು ಗುಂಡಿ, ಮೇಲೆ ಬಾಣದ ಗುರುತು ಹೋದರೆ ಬಣ್ಣ ಸ್ವಲ್ಪ ಗಾಢವಾಗುತ್ತಿತ್ತು, ಒತ್ತಿದರೆ ಒಳಕ್ಕೆ ಹೋದಂತೆಯೂ ಕಾಣುತ್ತಿತ್ತು, ಆದರೆ ಏನೂ ಆಗುತ್ತಿರಲಿಲ್ಲ. ಯಾಕಾಗುವುದಿಲ್ಲ, ಇವಳು ಮತ್ತೆ ಒತ್ತಿದಳು, ಗಟ್ಟಿಯಾಗಿ ಒತ್ತಿದಳು, ಬೇರೆ ಬೆರಳಲ್ಲಿ ಒತ್ತಿದಳು. ಗುಂಡಿ ಒತ್ತಿದರೆ ಯಾರಿಗೆ ಗೊತ್ತಾಗಬೇಕು, ಎಲ್ಲಿ ಗಂಟೆ ಹೊಡೆಯಬೇಕು — ಅವತ್ತೇ ಮೇಷ್ಟ್ರು ಪಾಠದಲ್ಲಿ ಹೇಳಿದರು, ಹಿಂದೆ ಒಂದು ಸರ್ವರ್ ಇರ್ಬೇಕು, ಅದು ಕಾಯ್ತಾ ಇರುತ್ತೆ, ಮುಂದಿನೋರು ಕೇಳಿದ್ದಕ್ಕೆ ಉತ್ತರ ಕೊಡುತ್ತೆ, ಕೇಳದೇ ಇದ್ರೆ ಸುಮ್ನಿರುತ್ತೆ, ಕೇಳಿಸ್ತಿದೆಯಾ. ಕತ್ತಲಲ್ಲಿ ಕಾಯುತ್ತ ನಿಂತದ್ದು! ಅರೆ, ಇವಳ ಬೆನ್ನು ತಾನಾಗಿ ನೆಟ್ಟಗಾಯಿತು, ಸರಿ, ಅದಿರುವುದೆಲ್ಲಿ, ಕಲಿಯೋವಾಗ ನಿಮ್ಮ ಮಷಿನ್ನಲ್ಲೇ ಇರುತ್ತೆ ಅಂದರು, ಲ್ಯಾಪ್‌ಟಾಪನ್ನು ಎತ್ತಿ ಅಡಿಭಾಗ ನೋಡಿದಳು, ಬಿಸಿ ಗಾಳಿ ಬಿಟ್ಟು ಬೇರೇನಿರಲಿಲ್ಲ, ನಾಚಿಕೆಯಾಗಿ ಕೆಳಗಿಟ್ಟಳು. ಆಮೇಲೆ ಮಗುವಿಗೆ ನೀರು ಹಾಕಿ ಮಲಗಿಸಿದ ಮೇಲೆ, ಅನ್ನ ಬೇಯುವ ಹೊತ್ತಿನಲ್ಲಿ, ಬಟ್ಟೆ ಒಗೆಯುವ ಯಂತ್ರ ಗುಡುಗುಡು ಅನ್ನುವಾಗ, ಒಂದೊಂದು ಸಾಲು, ಒಂದೊಂದಕ್ಕೂ ತಪ್ಪು, ಕೆಂಪು ಅಕ್ಷರದಲ್ಲಿ ಪರದೆಯ ತುಂಬ ಬೈಗುಳ, ಮೊದಮೊದಲು ಲ್ಯಾಪ್‌ಟಾಪನ್ನೇ ಮುಚ್ಚಿಬಿಡುತ್ತಿದ್ದಳು, ಏನೋ ಕೆಡಿಸಿಬಿಟ್ಟೆನೇನೋ ಎಂದು, ಆಮೇಲೆ ಓದಿ ನೋಡಿದರೆ ಬೈಗುಳವಲ್ಲ ಅದು, ಎಲ್ಲಿ ಎಡವಿದೆ ಎಂದು ಸಾಲು ಸಮೇತ ಹೇಳುತ್ತದೆ, ಆವರಣ ಚಿಹ್ನೆ ತೆರೆದೆ, ಮುಚ್ಚಲಿಲ್ಲ ನೀನು, ಎನ್ನುತ್ತದೆ, ಇಷ್ಟು ನಯವಾಗಿ ತಪ್ಪು ತೋರಿಸಿದವರು ಇವಳ ಜನ್ಮದಲ್ಲಿ ಯಾರಿದ್ದರು. ಒಂದು ಮಧ್ಯಾಹ್ನ ಗುಂಡಿ ಒತ್ತಿದಳು, ಹಿಂದಿನ ಡೇಟಾಬೇಸಿನಲ್ಲಿ, ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಆ ಕಪಾಟಿನಲ್ಲಿ, ಏಣಿ ಎಂಬ ಪದ ಹೋಗಿ ಕೂತಿತ್ತು, ಇವಳು ಇಲ್ಲಿ ಬರೆದದ್ದು ಅಲ್ಲಿ, ಓಡಿಹೋಗಿ ಹೇಳೋಣವೆಂದು ಎದ್ದಳು, ಕೋಣೆಯ ಬಾಗಿಲಲ್ಲಿ ನಿಂತಳು, ಚೌಕುಳಿ ಗೆರೆಯ ಮೇಲೆ ಬೆರಳು ಹೋಗುತ್ತಿತ್ತು, ಬರುತ್ತಿತ್ತು, ಹೇಳಲಿಲ್ಲ. ಹೇಳಿದರೆ ಏನೆಂದುಕೊಳ್ಳುತ್ತಾಳೆ, ನಾನು ಬಿದ್ದಿದ್ದೀನಿ, ಇವರು ನನ್ನ ಕೆಲಸ ಕಿತ್ಕೊಂಡ್ರು, ಅಂತಲ್ಲವೇ, ಮತ್ತೆ ನಿಜವಾಗಿಯೂ ಹಾಗೇ ಅಲ್ಲವೇ, ಜಾಗ ಹಿಡಿದಿಡಲು ಹಾಕಿದ ಕರವಸ್ತ್ರ ತಾನೇ ಕಿಟಕಿ ಪಕ್ಕ ಕೂತು ಊರು ನೋಡತೊಡಗಿದರೆ —

ಸೊಸೆಯ ಹೆಸರು. ಹೆಸರು ಕೂಗುತ್ತಿದ್ದಾರೆ. ಇದ್ದೇನೆ, ಎಂದು ಒತ್ತಿದಳು, ಅಭ್ಯಾಸಬಲ. ಇವತ್ತು ಕ್ಯಾಮೆರಾ ಆನ್ ಮಾಡ್ಲೇಬೇಕಮ್ಮ, ಎಲ್ರೂ ಮಾಡಿದಾರೆ, ಕೇಳಿಸ್ತಿದೆಯಾ. ನೆಟ್ವರ್ಕ್ ಸರಿ ಇಲ್ಲ ಎಂದು ಬರೆದರಾಯಿತು, ಹೋದ ಸಲ ಅದನ್ನೇ ಬರೆದದ್ದು, ಬೆರಳು ನ ಅಕ್ಷರದ ಮೇಲೆ ಹೋಗಿ ನಿಂತಿತು, ಯಾಕೋ ಒತ್ತಲು ಮನಸ್ಸು ಬರಲಿಲ್ಲ, ಈ ಕಿಟಕಿಗಳಲ್ಲಿರುವ ಹುಡುಗರು ಹುಡುಗಿಯರು ಎಷ್ಟೊಂದು ಸಲ ಇವಳು ಬರೆದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ, ಸೊಸೆಯೆಂದೇ ತಿಳಿದು, ಮಗು ಹೇಗಿದೆ ಅಂತ ಕೇಳಿದ್ದಾರೆ, ಅವರ ಮುಖಕ್ಕೆ ಸುಳ್ಳು — ಕ್ಯಾಮೆರಾದ ಗುರುತನ್ನು ಒತ್ತಿದಳು, ಮೈಕಿನದನ್ನೂ. ಕತ್ತಲ ಚೌಕ ಬೆಳಗಿತು, ಅದರಲ್ಲಿ ಒಬ್ಬ ನರೆಗೂದಲ ಹೆಂಗಸು, ಹೆಗಲ ಮೇಲೆ ಮಗುವಿನ ಬಾಯಿ ಒರೆಸುವ ಬಟ್ಟೆ, ಹಿಂದೆ ಒಣಗಲು ಹಾಕಿದ ಲಂಗೋಟಿಗಳ ತೋರಣ, ಅಯ್ಯೋ, ಅದನ್ನಾದರೂ ತೆಗೆಯಬಾರದಿತ್ತೇ. ಎಲ್ಲ ಕಿಟಕಿಗಳೂ ಒಮ್ಮೆಲೇ ಇತ್ತ ತಿರುಗಿದವು, ಮೇಷ್ಟ್ರು ಕೇಳಿಸ್ತಿದೆಯಾ ಅನ್ನುವುದನ್ನೇ ಮರೆತರು. ಯಾರಮ್ಮ ನೀವು? ನಾನು ಅವಳ ಅತ್ತೆ ಸಾರ್, ತಪ್ಪಾಗಿದೆ, ಹೆರಿಗೆ ಆದಾಗಿಂದ ಅವಳಿಗೆ ಹುಷಾರಿಲ್ಲ, ಹೆಸರು ತೆಗೀಬಾರ್ದು ಅಂತ ನಾನು ಕೂತೆ, ಆಮೇಲೆ, ಆಮೇಲೆ ಎದ್ದು ಹೋಗೋಕೆ ಆಗ್ಲಿಲ್ಲ ಸಾರ್, ಏನಾಗುತ್ತೋ ನೋಡೋಣ ನೋಡೋಣ ಅಂತ. ಎಲ್ಲಿಯೋ ಒಬ್ಬ ಹುಡುಗ ನಕ್ಕ, ಕೆಟ್ಟ ನಗುವಲ್ಲ. ಮೇಷ್ಟ್ರು ಮೂಗು ಉಜ್ಜಿಕೊಂಡರು, ಇದು ನಿಯಮಕ್ಕೆ ವಿರುದ್ಧ ಅಮ್ಮ, ಸರ್ಟಿಫಿಕೇಟು ನಿಮ್ಗೂ ಕೊಡೋಕಾಗಲ್ಲ, ಅವ್ರಿಗೂ ಕೊಡೋಕಾಗಲ್ಲ, ಅವ್ರಿಗೆ ಬೇಕಾದ್ರೆ ಮುಂದಿನ ಬ್ಯಾಚಲ್ಲಿ ಅವ್ರೇ ಬಂದು ತೋರಿಸ್ಬೇಕು, ಅಂದರು, ಸರಿ ಸಾರ್, ಅಂದಳು, ಮುಗಿಯಿತು, ಎಷ್ಟು ಸುಲಭವಾಗಿ ಮುಗಿಯಿತು, ಲ್ಯಾಪ್‌ಟಾಪ್ ಮುಚ್ಚಲು ಕೈ ಎತ್ತಿದಳು, ಅಷ್ಟರಲ್ಲಿ ಅವರೇ, ಅದ್ಸರಿ, ಪ್ರಾಜೆಕ್ಟ್ ಮಾಡಿದ್ದು ಯಾರು? ಮುಂಭಾಗ ಅವಳ್ದು, ಹಿಂಭಾಗ ನಂದು ಸಾರ್. ನೀವೇ ಬರೆದ್ರಾ? ಹೌದು ಸಾರ್, ಎಷ್ಟು ಸರಿಯಿದೆಯೋ ಗೊತ್ತಿಲ್ಲ. ಮೇಷ್ಟ್ರ ಮುಖ ಪರದೆಗೆ ಹತ್ತಿರ ಬಂತು, ಹಾಗಾದ್ರೆ ತೋರ್ಸಿ ನೋಡೋಣ, ಅಂಕ ಇಲ್ಲ, ಸುಮ್ನೆ ತೋರ್ಸಿ.

ಮೆಟ್ಟಿಲಿನ ಕೆಳಗಿನ ಮನೆಯವರ ಹೊಲಿಗೆ ಯಂತ್ರ, ಎಂದು, ಪುಟವನ್ನು ಎಲ್ಲರಿಗೂ ಕಾಣುವಂತೆ ತೆರೆದು, ಬರೆದಳು, ಹಸಿರು ಗುಂಡಿ ಒತ್ತಿದಳು, ಗುಂಡಿ ಒಳಕ್ಕೆ ಹೋಯಿತು, ಪಟ್ಟಿಯಲ್ಲಿ ಏನೂ ಬರಲಿಲ್ಲ. ಏಣಿ ಇತ್ತು, ಕೊರೆಯುವ ಯಂತ್ರ ಇತ್ತು, ಹೊಲಿಗೆ ಯಂತ್ರ ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಹಿಂದೆ ಹೋಗಿದೆ ಸಾರ್, ಖಂಡಿತ ಹೋಗಿದೆ, ಯಾವಾಗ್ಲೂ ಹೀಗೇ, ಪುಟ ಮುಚ್ಚಿ ತೆಗೆದ್ರೆ ಬರುತ್ತೆ, ಯಾಕೆ ಅಂತ ಮಾತ್ರ — ಯಾಕೆ ಅಂತ ಎಷ್ಟು ತಲೆ ಕೆರೆದುಕೊಂಡಿದ್ದಾಳೆ, ಹಿಂದಿರುವವರಿಗೆ ಗೊತ್ತಾಗಿದೆ, ಮುಂದಿರುವವರಿಗೆ ಗೊತ್ತಾಗಿಲ್ಲ, ನಡುವೆ ಯಾರು ಹೇಳಬೇಕು, ಸ್ಟೇಜಿನ ಮೇಲೆ ಮಾತು ನಿಂತುಹೋದ ಆ ಮೌನ, ಇದು ಗೊತ್ತು ಇವಳಿಗೆ, ಕಿವಿಗೆ ಗೊತ್ತು, ಆದರೆ ಆಗ ಪುಸ್ತಕ ಕೈಯಲ್ಲಿರುತ್ತಿತ್ತು, ಈಗ ಕೈ ಖಾಲಿ. ಮತ್ತೆ ಕರೀಬೇಕು ಅತ್ತೆ. ಯಾರು, ಮೇಷ್ಟ್ರಲ್ಲ, ಹಿಂದಿನಿಂದ, ಬಾಗಿಲ ಕಡೆಯಿಂದ, ಒಣಗಿದ ದನಿ, ತುಂಬ ದಿನ ಮುಚ್ಚಿಟ್ಟ ಪೆಟ್ಟಿಗೆ ತೆಗೆದಂತೆ, ಉಳಿಸಿದ ಮೇಲೆ ಮುಂಭಾಗದ ಪಟ್ಟೀನ ಮತ್ತೆ ಕರೀಬೇಕು, ಇಲ್ಲಾಂದ್ರೆ ಅದು ಹಳೇದನ್ನೇ ತೋರಿಸ್ತಾ ಕೂತಿರುತ್ತೆ. ಸೊಸೆ, ಕೂದಲು ಕಟ್ಟಿಲ್ಲ, ಮಗು ಎಡ ಹೆಗಲಿನ ಮೇಲೆ, ಎಷ್ಟು ಹೊತ್ತಿನಿಂದ ನಿಂತಿದ್ದಾಳೆ, ಏನೇನು ಕೇಳಿಸಿಕೊಂಡಳು, ಇವಳು ದಡಬಡ ಎದ್ದಳು, ಬಾ ಕೂತ್ಕೋ, ಇದು ನಿನ್ನ ಜಾಗ, ನಾನು ಸುಮ್ನೆ — ನೀವೂ ಕೂತ್ಕೊಳ್ಳಿ ಅತ್ತೆ, ಸ್ವಲ್ಪ ಸರೀರಿ. ಒಂದೇ ಕುರ್ಚಿಯಲ್ಲಿ ಇಬ್ಬರು, ಅರ್ಧರ್ಧ, ನಡುವೆ ಮಗುವಿನ ಕಾಲು ಇವಳ ಪಕ್ಕೆಗೆ ಒದೆಯುತ್ತಿದೆ, ಸೊಸೆ ಒಂದೇ ಕೈಯಲ್ಲಿ, ಆ ತೋರುಬೆರಳಿನಲ್ಲಿ, ಒಂದು ಸಾಲು, ಅಷ್ಟೇ ಒಂದು ಸಾಲು ಬರೆದಳು, ಆವರಣ ತೆರೆದಳು, ಮುಚ್ಚಿದಳು, ಒತ್ತಿದಳು, ಹೊಲಿಗೆ ಯಂತ್ರ ಬಂತು, ಅದೂ ಮೂರು ಸಲ, ಇವಳು ಒತ್ತಿದ ಎರಡು ಸಲ ಮತ್ತು ಅವಳು ಒತ್ತಿದ ಒಂದು ಸಲ, ಕಿಟಕಿಗಳಲ್ಲಿ ಯಾರೋ ಚಪ್ಪಾಳೆ, ಮೇಷ್ಟ್ರು ಏನೋ ಹೇಳುತ್ತಿದ್ದಾರೆ, ಇಬ್ರೂ ಸೇರಿ ಮುಂದಿನ ಬ್ಯಾಚಿಗೆ, ಬೇರೆ ಬೇರೆ ಹೆಸರಲ್ಲಿ, ಕೇಳಿಸ್ತಿದೆಯಾ — ಕೇಳಿಸುತ್ತಿಲ್ಲ, ಇವಳಿಗೆ ಕೇಳಿಸುತ್ತಿಲ್ಲ, ಏಕೆಂದರೆ ಸೊಸೆ ಎದ್ದು ಹೋಗಿಲ್ಲ, ಪುಟವನ್ನು ಮೇಲಕ್ಕೆ ಸರಿಸುತ್ತಿದ್ದಾಳೆ, ಇವಳು ಬರೆದ ಸಾಲುಗಳು ಒಂದೊಂದಾಗಿ ಜಾರುತ್ತಿವೆ, ನಡುನಡುವೆ ಕಂಪ್ಯೂಟರ್ ಓದದೆ ಬಿಟ್ಟುಬಿಡುವ ಬೂದುಬಣ್ಣದ ಸಾಲುಗಳು, ತನ್ನ ನೆನಪಿಗೆಂದು ಕನ್ನಡದಲ್ಲಿ ಬರೆದುಕೊಂಡದ್ದು, ಯಾರೂ ನೋಡುವುದಿಲ್ಲವೆಂದು, ಇದು ಯಾಕೆ ಹೀಗೆ, ಅವಳನ್ನು ಕೇಳಬೇಕು, ಇದೂ ಅವಳನ್ನು ಕೇಳಬೇಕು, ಅವಳು ಎದ್ದ ಮೇಲೆ — ಸರಿಯುವುದು ನಿಂತಿತು. ಬೆರಳು ಪರದೆಯ ಮೇಲೆ ಬಂತು, ಒಂದು ಬೂದು ಸಾಲಿನ ಕೆಳಗೆ, ಈ ತುದಿಯಿಂದ ಆ ತುದಿಗೆ, ತಿರುಗಿ ಬರಲಿಲ್ಲ, ಕೊನೆಯ ಅಕ್ಷರದ ಹತ್ತಿರ ನಿಂತಿತು. ಇದು ನಂಗೂ ಗೊತ್ತಿಲ್ಲ ಅತ್ತೆ, ಅಂದಳು ಸೊಸೆ, ಹುಬ್ಬು ಗಂಟಿಕ್ಕಿ, ಹಳೆಯ ಗಂಟು, ಯಾಕೆ ಹೀಗೆ ಬರುತ್ತೆ ಇದು? ಇವಳು ಉಸಿರು ಬಿಡಲಿಲ್ಲ, ಬಿಟ್ಟರೆ ಆ ಪ್ರಶ್ನೆ ಎಲ್ಲಿ ಹಾರಿಹೋಗುತ್ತದೋ, ಸಾಲಿನ ತುದಿಯಲ್ಲಿ ಆ ಬೆರಳು, ಉಗುರು ಕತ್ತರಿಸದ, ಒತ್ತಿ ಹಿಡಿದ ಬೆರಳು