ಮೈನಾಳ ಬಲಗಣ್ಣು

ನೊಣ ಕೂತಿದೆ, ನನ್ನ ಕುದುರೆ ಮೈನಾಳ ಬಲಗಣ್ಣಿನ ಅಂಚಿಗೇ ಕೂತು ಕಾಲಿಗೆ ಕಾಲು ಉಜ್ಜುತ್ತಿದೆ, ಇವಳು ರೆಪ್ಪೆ ಬಡಿಯುತ್ತಿಲ್ಲ — ಓಡಿಸೇ ಹುಚ್ಚಿ, ನಿನ್ನದೇ ಕಣ್ಣು ಅದು — ಬಡಿಯುವುದಿಲ್ಲ, ನಿನ್ನೆಯೂ ಬಡಿಯಲಿಲ್ಲ, ದನದ ದವಾಖಾನೆಯಲ್ಲಿ ಡಾಕ್ಟರ್ ಮಹಾದೇವಿ ತೊಗಲಿನ ಕಣ್ಣುಪಟ್ಟಿ ಬಿಚ್ಚಿಸಿ ಅಂಗೈಯನ್ನು ಸರ್ರನೆ ಈ ಕಣ್ಣಿನ ಮುಂದೆ ತಂದಾಗಲೂ ಹೀಗೇ ನಿಂತಿದ್ದಳು, ನಾನು ಹೋದದ್ದು ಗೊರಸು ತೋರಿಸಲಿಕ್ಕೆ, ಕಣ್ಣು ತೋರಿಸಲಿಕ್ಕಲ್ಲ, ಈ ಕಣ್ಣು ಹೋಗಿ ವರ್ಷದ ಮ್ಯಾಲಾಗೇದ್ರಿ ಅಜ್ಜಾರ, ನಿಮಗ ಗೊತ್ತಾಗಲಿಲ್ಲೇನ್ರಿ? ಅಂದರು. ಗೊತ್ತಾಗಲಿಲ್ಲ ತಾಯಿ. ನಲವತ್ತೆರಡು ವರ್ಷ ಬಾದಾಮಿಯಲ್ಲಿ ಟಾಂಗಾ ಹೊಡೆದ ಈ ದಸ್ತಗೀರಸಾಬನಿಗೆ ತನ್ನ ಕುದುರೆಯ ಕಣ್ಣು ಹೋದದ್ದು ಗೊತ್ತಾಗಲಿಲ್ಲ, ನಗ್ರಿ, ಎಲ್ಲಾರೂ ನಗ್ರಿ. ಅಕ್ಕಪಕ್ಕದ ಗಾಡಿ ನೋಡಿ ಬೆದರಬಾರದೆಂದು ಬೆಳಿಗ್ಗೆ ಪಟ್ಟಿ ಕಟ್ಟುವುದು, ಕತ್ತಲಾದ ಮೇಲೆ ಬಿಚ್ಚುವುದು, ಇಷ್ಟೇ ನನ್ನ ಕೆಲಸ, ಕಣ್ಣು ನೋಡುವುದು ನನ್ನದಾಗಿರಲಿಲ್ಲ, ಅದು ಜೋಹರಾಳದು, ನನ್ನ ಹೆಂಡತಿಯದು — ಕುದುರೆ ಅಂಗಳಕ್ಕೆ ಬಂದದ್ದೇ ತಡ, ಹಳೆಯ ಇಳಕಲ್ ಸೀರೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ ಎರಡೂ ಕಣ್ಣು ಒರೆಸುತ್ತಿದ್ದಳು, ಬಾ ನಮ್ಮವ್ವ, ಊರ ಧೂಳೆಲ್ಲಾ ನಿನ್ನ ಕಣ್ಣಾಗ ಐತಿ, ಅನ್ನುತ್ತಿದ್ದಳು, ನನ್ನ ಚಹಾ ಆಮೇಲೆ, ಅದಕ್ಕೆ ನಾನು ಮುನಿಸಿಕೊಳ್ಳುತ್ತಿದ್ದೆ, ಕುದುರೆಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡ, ನೆನೆದರೆ ನಗು ಬರುತ್ತದೆ, ಬರುವುದಿಲ್ಲ. ಅವಳು ಹೋಗಿ ಎರಡು ವರ್ಷ, ಅವಳ ಕಣ್ಣು ಮುಚ್ಚಿಸಿದ್ದೂ ಇದೇ ಅಂಗೈ. ಆ ಸೀರೆಯ ತುಂಡು ಗೂಟದ ಮೇಲೇ ಒಣಗಿ ಕೂತಿತು, ಮುಟ್ಟಿದರೆ ಅಳು ಬರುತ್ತದೆಂದು ಮುಟ್ಟಲಿಲ್ಲ, ಕುದುರೆಯ ಮುಖವನ್ನೂ ನೋಡಲಿಲ್ಲ, ಮತ್ತೆ ಚೊಳಚಗುಡ್ಡದ ದಾರಿಯಲ್ಲಿ ಲಾರಿ ಬಲಕ್ಕೆ ಬಂದಾಗಲೆಲ್ಲ ಇವಳು ಬೆಚ್ಚಿ ಎಡಗಡೆಯ ಗಟಾರಕ್ಕೆ ಸರಿಯುತ್ತಿದ್ದಾಗ ಏನೆಂದುಕೊಂಡೆ — ಸೊಕ್ಕು, ಜೋಹರಾ ತಲೆಯ ಮೇಲೆ ಕೂಡಿಸಿಕೊಂಡಿದ್ದಳಲ್ಲ, ಅದರ ಸೊಕ್ಕು — ಬಾರುಕೋಲು ಎತ್ತಿದೆ, ನನ್ನದು ಬಲಗೈ, ಏಟು ಬಲಗಡೆಗೇ ಬಿತ್ತು, ಕಾಣದ ಕಡೆಯಿಂದ, ಎಲ್ಲಿಂದ ಬಂತೆಂದು ಅವಳಿಗೆ ಗೊತ್ತೇ ಆಗದ ಹಾಗೆ, ಒಂದು ವರ್ಷ.

ಯಾಕೋ ಅಣ್ಣಾ, ಇನ್ನಾ ಗಾಡಿ ಹೂಡಿಲ್ಲ? ಸಾವಂತ್ರವ್ವ ಬಂದಳು, ತಲೆಯ ಮೇಲೆ ರೊಟ್ಟಿಬುಟ್ಟಿ, ಸೊಂಟದಲ್ಲಿ ಮೊಸರಿನ ಗಡಿಗೆ, ಬನಶಂಕರಿ ಗುಡಿಗೆ ಬಂದವರಿಗೆ ಗಿಡದ ನೆರಳಲ್ಲಿ ರೊಟ್ಟಿ, ಪಲ್ಯ, ಮೊಸರು ನೀಡಿ ಹೊಟ್ಟೆ ಹೊರೆಯುವವಳು, ಆಟೋದಲ್ಲಿ ಮೊಸರು ತುಳುಕುತ್ತದೆಂದು ಹನ್ನೆರಡು ವರ್ಷದಿಂದ ನನ್ನ ಟಾಂಗಾದಲ್ಲೇ ಕೂರುವವಳು, ಒಂದು ಕಾಲಕ್ಕೆ ಈ ಬೇವಿನ ಗಿಡದ ಕೆಳಗೆ ಇಪ್ಪತ್ತು ಟಾಂಗಾ ನಿಲ್ಲುತ್ತಿದ್ದವು, ಈಗ ನನ್ನದೊಂದೇ, ನನಗೆ ದಿನದ ಗಿರಾಕಿ ಇವಳೊಬ್ಬಳೇ, ದಿನಕ್ಕೊಮ್ಮೆ ನನ್ನ ಜೊತೆ ಮಾತಾಡುವವಳೂ ಇವಳೊಬ್ಬಳೇ. ಇನ್ನ ರೋಡಿಗೆ ಹೂಡಬ್ಯಾಡ್ರಿ, ಒಂದಿನ ಕುಂತ ಮಂದೀನ್ನೂ ಕೆಡವತೈತಿ, ಅಂದಿದ್ದರು ಡಾಕ್ಟರ್, ಆದರೂ ಬೆಳಗಾದರೆ ಕಾಲು ಇಲ್ಲಿಗೇ ಬರುತ್ತದೆ, ಟಾಂಗಾ ನಿನ್ನೆಯಿಂದ ಇಲ್ಲೇ ಗಿಡದ ಕೆಳಗಿದೆ, ಕುದುರೆಯನ್ನು ಬರಿ ಹಗ್ಗ ಹಿಡಿದು ನಡೆಸಿಕೊಂಡು ಬಂದೆ, ಕಣ್ಣುಪಟ್ಟಿ ಕೈಯಲ್ಲೇ ಇದೆ, ಕಟ್ಟಿದರೆ ಯಾರಿಗೂ ಕಾಣುವುದಿಲ್ಲ, ಇನ್ನೊಂದೇ ದಿನ, ನಿಧಾನ ಹೊಡೆದರಾಯಿತು, ಲಾರಿ ಬಂದರೆ ನಿಲ್ಲಿಸಿದರಾಯಿತು, ಸಾವಂತ್ರವ್ವನೂ ಹೋದರೆ ನಾನು ಯಾರ ಜೊತೆ ಮಾತಾಡಲಿ — ಹೂಡಾಂಗಿಲ್ಲವ್ವಾ ಇನ್ನ, ಕಣ್ಣು ಹೋಗೇತಿ ಇದರದು. ಹೇಳಿಬಿಟ್ಟೆ. ಯಾವಾಗಿಂದ, ಅಂದಳು. ಜೋಹರಾ ಹೋದ ಮ್ಯಾಲ. ಸಾವಂತ್ರವ್ವ ತಲೆಯ ಮೇಲಿನ ಬುಟ್ಟಿ ಕೆಳಗಿಳಿಸಿದಳು, ಬಯ್ದಿದ್ದರೆ ಚೆನ್ನಾಗಿತ್ತು. ಆಸಿಫನ ಆಟೋ ನಿಲ್ಲಿಸಿ ಬುಟ್ಟಿ ಏರಿಸಿಕೊಟ್ಟೆ, ಅವನೂ ಮೊದಲು ಟಾಂಗಾದವನೇ, ನನ್ನ ಮುಖ ನೋಡದೆ ಗಾಡಿ ಚಾಲೂ ಮಾಡಿದ, ಅವಳು ಗಡಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡಳು, ಬರ್ತೇನಿ ಅಣ್ಣಾ, ಅಂದಳು, ನಾಳೆ ಸಿಗೂಣು ಅನ್ನಲಿಲ್ಲ, ದಿನಾ ಅನ್ನುತ್ತಿದ್ದಳು.

ಆಟೋದ ಹೊಗೆಯೂ ಹೋಯಿತು, ಇನ್ನು ನಾವಿಬ್ಬರೇ, ಜೇಬಿನಲ್ಲಿ ಆ ಸೀರೆಯ ತುಂಡಿದೆ, ಇವತ್ತು ಗೂಟದಿಂದ ತೆಗೆದುಕೊಂಡು ಬಂದೆ, ನಲ್ಲಿಯಲ್ಲಿ ನೆನೆಸಿದೆ, ಬಿಸಿನೀರಲ್ಲ, ಇರಲಿ, ಎಡಗಡೆಗೆ ಹೋಗಿ ಕೈ ಎತ್ತಿದೆ, ಒರೆಸಲಿಕ್ಕೇ ಎತ್ತಿದ್ದು, ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು, ಕತ್ತು ಹಿಂದಕ್ಕೆ ಸರಿಯಿತು — ಹೊಡಿಯೂದಿಲ್ಲ ನಮ್ಮವ್ವ, ಒರಸಾಕ ಬಂದೇನಿ — ಜೋಹರಾಳ ಕೈ ಕಂಡರೆ ತಾನಾಗಿಯೇ ತಲೆ ತಗ್ಗಿಸುತ್ತಿದ್ದಳು, ನನ್ನ ಕೈ ಕಂಡರೆ ಇದು, ಕಣ್ಣು ತೆರೆಯಲೇ ಇಲ್ಲ, ಬಲಗಡೆಗೆ ಬಂದೆ, ನೊಣ ಇನ್ನೂ ಅಲ್ಲೇ, ಕೈ ಎತ್ತಿದೆ, ಈ ಕಣ್ಣು ಹೆದರುವುದಿಲ್ಲ, ತೆರೆದೇ ಇದೆ, ಅದರೊಳಗೆ ಬೇವಿನ ಗಿಡ, ಖಾಲಿ ಟಾಂಗಾ, ಎತ್ತಿದ ನನ್ನ ಕೈ, ರೆಪ್ಪೆ ಬಡಿಯುವುದಿಲ್ಲ, ಎತ್ತಿದ ಕೈ, ಬಡಿಯುವುದಿಲ್ಲ —