ಕಿವಿಗೆ ಬೀಳದ ಸಾವು

ಹಂಸಾ ಒದ್ದೆ ಬಟ್ಟೆ ಹಿಂಡಿ ಅಜ್ಜಿಯ ಪಾದ ಒರೆಸುತ್ತಿದ್ದಳು. ಬೆಳಗಿನ ಈ ಕೆಲಸದಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಬೆರಳ ಸಂದಿಗೆ ಬಟ್ಟೆ ಹೋದಾಗ ಅಜ್ಜಿ ಕಾಲು ಎಳೆದುಕೊಳ್ಳುವುದು, ಇವಳು ಹಿಡಿದು ನಿಲ್ಲಿಸುವುದು, ಅಷ್ಟೇ. ಇವತ್ತು ಕಾಲು ಅಲುಗಲಿಲ್ಲ. ಎರಡನೆಯ ಪಾದವನ್ನೂ ಒರೆಸಿ ಮುಗಿಸಿ, ಅವಳು ಅಜ್ಜಿಯ ಮೂಗಿನ ಹತ್ತಿರ ಕೈ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

ತಲೆಯೆತ್ತಿದರೆ ಸಾರಥಿ ಮಾವ ಬಾಗಿಲಲ್ಲಿದ್ದರು. ಹೊಳೆಯಲ್ಲಿ ಮುಳುಗಿ ಬಂದ ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಮಾವ, ಅಜ್ಜಿ..."

"ಏನೂ ಹೇಳಬೇಡ." ಅವರು ಕೈ ಅಡ್ಡ ಮಾಡಿದರು. "ಅಮ್ಮ ಮಲಗಿದ್ದಾರೆ, ಮಲಗಿರಲಿ. ನಾನು ಧಾರೆ ಮುಗಿಸಿ ಬರೋವರೆಗೂ ನನ್ನ ಕಿವಿಗೆ ಏನೂ ಬೀಳಬಾರದು. ತಿಳೀತೇನೇ?"

ಹಂಸಾಗೆ ತಿಳಿಯಿತು. ಸೂತಕ ಹಿಡಿಯುವುದು ಸುದ್ದಿ ಕೇಳಿದ ಮೇಲೆ. ಕೇಳಿದ ಮಗ ಗುಡಿಯ ಹೊಸಿಲು ತುಳಿಯುವಂತಿಲ್ಲ. ಬೀದಿಯಲ್ಲಿ ಹೆಣವಿದ್ದರೆ ಗುಡಿಯ ಬಾಗಿಲನ್ನೇ ತೆಗೆಯುವಂತಿಲ್ಲ. ಮಾವ ಪೂಜೆ ಮಾಡುವ ಯಗಚಿ ದಡದ ಪುಟ್ಟ ಗುಡಿಯಲ್ಲಿ ಇವತ್ತು ಮದುವೆ. ಮದುವೆಯವರು ತಮ್ಮ ತಾತನ ಕಾಲದಲ್ಲೇ ಬೇಲೂರು ಬಿಟ್ಟು ತುಮಕೂರು ಸೇರಿದವರು, ಮನೆದೇವರ ಮುಂದೆಯೇ ಧಾರೆಯಾಗಬೇಕೆಂದು ಎರಡು ಬಸ್ಸು ಮಾಡಿಕೊಂಡು ಬಂದಿದ್ದರು.

ಮಾವ ಹೋಗುತ್ತಾ ಅತ್ತೆಗೆ ಹೇಳಿದರು, "ಮೊಬೈಲು ಬೀರುವಿನಲ್ಲಿಟ್ಟು ಬೀಗ ಹಾಕು."

ಅದು ಯಾಕೆಂದೂ ಹಂಸಾಗೆ ತಿಳಿಯಿತು. ಬಾಣಾವರದಲ್ಲಿರುವ ಅವಳ ಅಮ್ಮ ಪ್ರಿಯಂವದಾ ಅಜ್ಜಿಯ ಒಬ್ಬಳೇ ಮಗಳು; ಸುದ್ದಿ ಮುಟ್ಟಿದರೆ ಅಳುತ್ತ ಓಡಿಬರುತ್ತಾಳೆ, ಮದುವೆ ನಿಲ್ಲುತ್ತದೆ. ಅಜ್ಜಿಯನ್ನು ನೋಡಿಕೊಳ್ಳಲು ಹಂಸಾಳನ್ನು ಒಂಬತ್ತನೇ ಕ್ಲಾಸಿಗೇ ಬಿಡಿಸಿ ಇಲ್ಲಿಗೆ ಕಳಿಸಿದವಳು. ವಾರದಿಂದ ಅಜ್ಜಿ "ಪ್ರಿಯಾ ಬಂದ್ಳಾ?" ಎನ್ನುತ್ತಲೇ ಇದ್ದರು. ಮಾವ ಮಾತ್ರ ಫೋನಿನಲ್ಲಿ, "ಮದುವೆ ಗಲಾಟೆ ಕಣಮ್ಮ, ಮುಗಿದ ಮೇಲೆ ಬಾ" ಅಂದಿದ್ದರು.

ಅತ್ತೆ ಅಜ್ಜಿಯ ಕತ್ತಿನವರೆಗೆ ಹೊದಿಕೆ ಎಳೆದರು. ಕಿಟಕಿ ಮುಚ್ಚಿದರು. "ಅಳಬೇಡ. ಕಣ್ಣು ಕೆಂಪಾದರೆ ಬಂದವರು ಕೇಳ್ತಾರೆ."

ಬಂದವರು ಮನೆ ತುಂಬ ಇದ್ದರು. ಹೆಣ್ಣಿಗೆ ಸೀರೆ ಉಡಿಸಲು ನಡುಮನೆಯನ್ನೇ ಕೊಟ್ಟಿದ್ದರು. ಕೆಲವರು ಹಳೇ ಕಂಬಗಳ ಫೋಟೋ ತೆಗೆದರು, ಕೆಲವರು ಹಿತ್ತಲಿಗೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡರು. "ಏನ್ ಅದೃಷ್ಟವಂತರು ರೀ ನೀವು, ದಿನಾ ಇಂಥಾ ಊರಲ್ಲಿರ್ತೀರ" ಎಂದು ಒಬ್ಬಾಕೆ ಹಂಸಾಳ ಗಲ್ಲ ಹಿಡಿದಳು.

ಮದುಮಗಳು ಮೇಘಶ್ರೀ ಗೆಳತಿಯ ಜೊತೆ ಅಜ್ಜಿಯ ಕೋಣೆಯ ಬಾಗಿಲಿಗೇ ಬಂದಳು.

"ಹಿರಿಯರಿಗೆ ನಮಸ್ಕಾರ ಮಾಡಿ ಹೋಗೋಣ ಅಂತ."

ಹೊಸಿಲು ದಾಟಿ ಅಜ್ಜಿಯ ಕಾಲಿಗೆ ಬಗ್ಗಿಯೇಬಿಟ್ಟಳು. ಹಂಸಾ ಅಡ್ಡ ನಿಂತಳು. "ಮುಟ್ಟಬೇಡಿ! ಅಜ್ಜಿ... ಮಡಿಯಲ್ಲಿದ್ದಾರೆ."

ಮೇಘಶ್ರೀ ಹಿಂದೆ ಸರಿದು, ದೂರದಿಂದಲೇ ಹಣೆ ನೆಲಕ್ಕಿಟ್ಟಳು. ಬಳೆ ಘಲ್ಲೆಂದವು.

"ಅಜ್ಜಿ ಆಶೀರ್ವಾದಾನೇ ಮಾಡ್ಲಿಲ್ಲ ಕಣೇ," ಗೆಳತಿ ಕಿಸಕ್ಕನೆ ನಕ್ಕಳು. "ನಿನ್ನ ಮೇಕಪ್ಪು ಮುಗಿಯೋದನ್ನ ಕಾದೂ ಕಾದೂ ನಿದ್ದೆ ಬಂದಿರ್ಬೇಕು!"

ಆ ಗೆಳತಿಯ ಕೈಯಲ್ಲಿ ಮೊಬೈಲಿತ್ತು. ಅಮ್ಮನ ನಂಬರು ಹಂಸಾಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ತುಟಿ ತೆರೆದದ್ದನ್ನು ಕಂಡು ಗೆಳತಿ, "ಏನು ಬೇಕಿತ್ತಮ್ಮ?" ಅಂದಳು.

"ಏನಿಲ್ಲ. ಕುಡಿಯೋಕೆ ನೀರು ಕೊಡ್ಲಾ ಅಂತ."

ಗಟ್ಟಿಮೇಳ ಮೊಳಗಿತು. ಮುಚ್ಚಿದ ಕಿಟಕಿಯ ಒಳಗೆ ಹಂಸಾ ಅಜ್ಜಿಯ ಮುಖದ ಮೇಲಿನ ನೊಣ ಓಡಿಸುತ್ತ ಕೂತಿದ್ದಳು.

ಬೀದಿಯ ಚಪ್ಪರದಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಾವ ಬಂದರು. ಬಾಗಿಲು ಹಾಕಿಕೊಂಡು, "ಈಗ ಹೇಳು" ಅಂದರು.

"ಅಜ್ಜಿ ಹೋದರು, ಮಾವ."

ಮಾವ ಗೋಡೆ ಹಿಡಿದು ಕುಸಿದರು. ಶಲ್ಯವನ್ನು ಬಾಯಿಗೆ ತುರುಕಿಕೊಂಡು, ಹೊರಗೆ ಕೇಳದ ಹಾಗೆ ಅತ್ತರು. ಅದು ನಿಜವಾದ ಅಳುವೇ ಎಂಬುದು ಹಂಸಾಗೆ ಕಂಡಿತು. ಆಮೇಲೆ ಎದ್ದು ಮುಖ ತೊಳೆದರು. ಸಂಜೆ ಗುಡಿಯಲ್ಲಿ ಮದುಮಕ್ಕಳಿಗೆ ಆರತಿ ಆಗಬೇಕು. ಹಾರನಹಳ್ಳಿಯಿಂದ ಇನ್ನೊಬ್ಬ ಅರ್ಚಕ ಅಚ್ಯುತನನ್ನು ಕರೆಸಿ ಮಾಡಿಸುವುದು, ಅಷ್ಟರೊಳಗೆ ಹೆಣ ಹೋಗಿ, ಬೀದಿ ತೊಳೆದು ಶುದ್ಧವಾಗಿರಬೇಕು. ಹಿತ್ತಲಿನಿಂದಲೇ ಹೊರಡುವುದು.

ಬೀರು ತೆಗೆದದ್ದು ಆಮೇಲೆ. ಅತ್ತೆ ಅಮ್ಮನಿಗೆ ಸುದ್ದಿ ಮುಟ್ಟಿಸಿದರು. ಸಿಕ್ಕಿದ ಬಸ್ಸು ಹತ್ತಿದಳಂತೆ.

ಹಿತ್ತಲಲ್ಲಿ ಚಟ್ಟ ಕಟ್ಟಿದರು. ಮುಂಬಾಗಿಲ ಕಡೆಯಿಂದ ಪಾಯಸ ಬಡಿಸುವವರ ಕೂಗು ಕೇಳುತ್ತಿತ್ತು. ಈ ಮನೆಯ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿಯಿಲ್ಲ. ಚಟ್ಟ ಹಿತ್ತಲ ಬಾಗಿಲು ದಾಟಿದರೆ ಮುಗಿಯಿತು, ಅಮ್ಮನಿಗೆ ಅಜ್ಜಿಯ ಮುಖ ನೋಡಲು ಸಿಗುವುದಿಲ್ಲ.

ಅತ್ತೆಯ ಮೊಬೈಲು ಮತ್ತೆ ಹೊಡೆದುಕೊಂಡಿತು. ಈ ಸಲ ಹಂಸಾಳೇ ಎತ್ತಿದಳು. "ಹಳೇಬೀಡು ಬಿಟ್ಟೆ ಕಣೇ, ಮಾದಿಹಳ್ಳಿ ಹತ್ರ ಇದೀನಿ, ಇನ್ನೇನು ಬಂದ್ಬಿಟ್ಟೆ. ಇರೋಕೆ ಹೇಳೇ, ಇರೋಕೆ ಹೇಳು."

ನಾಲ್ವರು ಬಗ್ಗಿ ಚಟ್ಟಕ್ಕೆ ಹೆಗಲು ಕೊಟ್ಟರು. ಮಾವ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದರು. ಹಂಸಾ ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿ ನಿಂತಳು. ಅವಳ ದನಿ ಇಷ್ಟು ಜೋರಾಗಿ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಮಾವ, ಅಮ್ಮ ಮಾದಿಹಳ್ಳಿಗೆ ಬಂದಿದ್ದಾಳೆ. ಸ್ವಲ್ಪ ಹೊತ್ತು ಇಳಿಸಿ."

ಹೊತ್ತವರು ಮಾವನ ಮುಖ ನೋಡಿದರು. ಮಾವ ಬಿಸಿಲು ನೋಡಿದರು. ಅತ್ತೆ ಬಂದು ಅವಳ ಒಂದು ಕೈ ಹಿಡಿದು ಪಕ್ಕಕ್ಕೆ ಎಳೆದರು. ಚಟ್ಟ ಅವಳನ್ನು ಸವರಿಕೊಂಡು ಹೊಳೆಯ ಮೆಟ್ಟಿಲ ಕಡೆಗೆ ತಿರುಗಿತು.

"ಇಳಿಸಿ ಮಾವ. ಅಮ್ಮ ಒಂದು ಸಲ ನೋಡಲಿ."