ಗೋಡೆ ಗಡಿಯಾರ ಹಿಡಿದ ಕೈ

"ಥೂ ಮನೆಹಾಳಿ, ನಮ್ಮನ್ನೆಲ್ಲ ಮಾರ್ಕೊಂಡ್ಬಿಟ್ಯಲ್ಲೇ."

ನಾದಿನಿ ಉಗಿದದ್ದು ರೋಲರಕ್ಕನ ಚಪ್ಪಲಿಯ ಮೇಲೆಯೇ ಬಿತ್ತು. ಬೆಳಕು ಹರಿಯುವ ಮೊದಲೇ ಬಂದು ಕಾರ್ಖಾನೆಯ ಗೇಟಿನ ಮುಂದೆ ಕೂತಿದ್ದವಳಿಗೆ ತಲೆಬುಡ ತಿಳಿಯಲಿಲ್ಲ.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ ಅದು. ಬಿಸಿ ರೋಲರಿಗೆ ಒದ್ದೆ ಬಟ್ಟೆ ಒಡ್ಡುತ್ತಿದ್ದುದರಿಂದ ಅವಳಿಗೆ ಆ ಹೆಸರು. ಕೆಲಸ ಚುರುಕಾಗಲಿ ಎಂದು ಕೈ ಒಳಗೆ ಹೋಗದಂತೆ ರೋಲರಿನ ಬಾಯಿಗಿದ್ದ ಅಡ್ಡಕಂಬಿಯನ್ನು ಮ್ಯಾನೇಜರು ಬಿಚ್ಚಿಸಿದ್ದ. ಮೂರು ತಿಂಗಳ ಹಿಂದೆ ರೋಲರು ಅವಳನ್ನು ಕಚ್ಚಿತು. ಅಂದಿನಿಂದ ಹೊರಗಿನವರ ಮುಂದೆ ಎಡಗೈ ಏಪ್ರನ್ನಿನ ಜೇಬು ಬಿಟ್ಟು ಹೊರಬಂದಿರಲಿಲ್ಲ. ಈಗ ಆ ರೋಲರಿಗೆ ನಾದಿನಿಯನ್ನು ಹಾಕಿದ್ದರು. ಕಂಬಿ ಮತ್ತೆ ಕೂರುವವರೆಗೆ ಬಟ್ಟೆ ಮುಟ್ಟುವುದಿಲ್ಲ ಎಂದು ಹೆಂಗಸರು ಮುಷ್ಕರ ಹೂಡಿದ್ದರು.

ಮೇಸ್ತ್ರಿಗಳು ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಊದುವವರು. ಯಂತ್ರಗಳ ಗದ್ದಲದಲ್ಲಿ ಅರ್ಧ ಕೇಳಿಸಿದ್ದು ಪೂರ್ತಿ ಜಗಳವಾಗುತ್ತಿತ್ತು. ಯಾರ ಬಾಯನ್ನೂ ನಂಬಬೇಡಿ, ಫೋನಿನ ಗ್ರೂಪಿನಲ್ಲಿ ಬಂದದ್ದನ್ನಷ್ಟೇ ನಂಬಿ ಎಂದು ಕಟ್ಟಪ್ಪಣೆ ಮಾಡಿದ್ದವಳು ರೋಲರಕ್ಕನೇ. ಹಾಗೆ ನಂಬಿದ್ದರಿಂದಲೇ ಮುಷ್ಕರ ಕೂಡಿಬಂದಿತ್ತು.

ನಾದಿನಿ ಫೋನನ್ನು ಅವಳ ಮೂಗಿಗೆ ಹಿಡಿದಳು. ಫೋಟೋದಲ್ಲಿ ಮ್ಯಾನೇಜರು ಕೊಟ್ಟ ಗೋಡೆ ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು ರೋಲರಕ್ಕ ನಗುತ್ತಿದ್ದಳು. ಕೆಳಗೆ, 'ಇದು ನನ್ನ ಹೊಸ ನಂಬರು. ಕಂಬಿ ವಿಷಯ ಬಿಟ್ಟಿದ್ದೇವೆ. ಎಲ್ಲರೂ ಕೆಲಸಕ್ಕೆ ಬನ್ನಿ. ರೋಲರಕ್ಕ.'

"ಇದು ನಾನು ಹಾಕಿದ್ದಲ್ಲ ಕಣೇ. ನನ್ನ ಫೋನು ನಿನ್ನೆಯಿಂದ ಸತ್ತು ಬಿದ್ದಿದೆ."

"ಹಲ್ಲು ಕಿರೀತಿರೋದು ನೀನಲ್ವಾ? ಗ್ರೂಪಲ್ಲಿ ಬಂದಿದ್ದೇ ನಿಜ ಅಂದೋಳೂ ನೀನೇ ತಾನೆ?"

ಹೆಂಗಸರು ಮುಖ ತಿರುಗಿಸಿಕೊಂಡು ಅವಳನ್ನು ದಾಟಿ ಒಳಗೆ ಹೋಗುತ್ತಿದ್ದರು. ಮ್ಯಾನೇಜರು ಟೀ ಲೋಟ ಹಿಡಿದೇ ಗೇಟಿಗೆ ಬಂದ.

"ಪಾಪ, ಬೈಬೇಡ್ರಮ್ಮ. ಈಗಲಾದ್ರೂ ಬುದ್ಧಿ ಬಂತಲ್ಲ. ಬಾರೇ ಒಳಗೆ, ನೆಲ ಒರೆಸೋ ಕೆಲಸ ಕೊಡ್ತೀನಿ. ಅದಕ್ಕೆ ಒಂದು ಕೈ ಸಾಕು."

"ಅದು ಹೋದ ವರ್ಷದ ಫೋಟೋ ಸಾರ್. ಒಳ್ಳೆ ಕೆಲಸಗಾರ್ತಿ ಅಂತ ನೀವೇ ಗಡಿಯಾರ ಕೊಟ್ಟಾಗ ತೆಗೆದಿದ್ದು."

"ಹಳೇದು ಅಂತ ಎಲ್ಲಿ ಬರೆದಿದೆ? ತೋರ್ಸು ನೋಡೋಣ."

ಕೆಲವರು ಕಿಸಕ್ಕನೆ ನಕ್ಕರು. ಆ ನಗೆಗೆ ಅವಳ ಮೈಯೆಲ್ಲ ಉರಿಯಿತು. ಎಡಗೈಯನ್ನು ಜೇಬಿನಿಂದ ಎಳೆದು ಅವನ ಮುಖದ ಮುಂದೆ ಹಿಡಿದಳು. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಜಾಗದಲ್ಲಿ ಸುಟ್ಟ ಚರ್ಮ ಹೊಳೆಯುತ್ತಿತ್ತು.

"ಇಲ್ಲಿ ಬರೆದಿದೆ."

ನಾದಿನಿ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಗಡಿಯಾರದ ಅಂಚಿನಲ್ಲಿ ಎಡಗೈಯ ಐದೂ ಬೆರಳು ಸಾಲಾಗಿದ್ದವು. ಆ ಕೈಗೆ ದಿನಾ ಮುಲಾಮು ಹಚ್ಚುತ್ತಿದ್ದವಳು ಅವಳೇ. ಫೋನಿನಲ್ಲಿ ಮಾತ್ರ ಬರೀ ಮುಖ ನೋಡಿದ್ದಳು.

"ಅಯ್ಯೋ, ಅತ್ತಿಗೆ," ಎಂದಳು.

"ಏ, ಒಳಗಿಡೇ ಅದನ್ನ. ನೋಡೋಕಾಗಲ್ಲ," ಎಂದ ಮ್ಯಾನೇಜರು.

ಒಳಗೆ ಯಂತ್ರಗಳು ಹೊರಳತೊಡಗಿದವು. ಮೊದಲೇ ಹೋದವರು ಕೆಲಸಕ್ಕೆ ನಿಂತಾಗಿತ್ತು. ನಾದಿನಿ ಕಣ್ಣೊರೆಸಿಕೊಂಡು ಫೋನೆತ್ತಿದಳು. "ಕೈ ಹಂಗೇ ಹಿಡ್ಕೋ ಅತ್ತಿಗೆ. ಫೋಟೋ ತೆಗೆದು ಗ್ರೂಪಿಗೆ ಹಾಕ್ತೀನಿ."

"ಬೇಡ. ಫೋಟೋ ನೋಡಿದ್ದು ಸಾಕು. ರೋಲರ್ ಮುಂದೆ ಈಗ ಯಾರು ನಿಂತಿದಾರೋ, ಅವರು ಇದನ್ನ ನೋಡ್ಲಿ."

ಮ್ಯಾನೇಜರು ಅಡ್ಡ ಬಂದ. ಬರಿದಾದ ಆ ಕೈಯನ್ನೇ ಅವನ ಎದೆಗೆ ಒತ್ತಿದಳು. ಅವನು ಹೇಸಿಕೊಂಡು ಹಿಂದೆ ಸರಿದ. ನಾದಿನಿ ಅವಳ ಬೆನ್ನಿಗೇ ನಡೆದಳು.

ಒಳಗೆ ಆವಿ, ಗದ್ದಲ. ಕೂಗಿದರೆ ಯಾರಿಗೂ ಕೇಳಿಸುವಂತಿರಲಿಲ್ಲ. ರೋಲರಕ್ಕ ಕೂಗಲಿಲ್ಲ. ಕೈಯನ್ನು ಎಲ್ಲರಿಗೂ ಕಾಣುವಷ್ಟು ಮೇಲೆತ್ತಿಕೊಂಡು, ಒಂದೊಂದೇ ಯಂತ್ರದ ಮುಂದೆ ನಿಲ್ಲುತ್ತ ರೋಲರಿನ ಕಡೆಗೆ ಹೋದಳು.